ನಡುಬಿಂದು

2025 ಫೆಬ್ರವರಿ 18, ಮಂಗಳವಾರ

ನಮ್ಮ ಲ್ಯಾಬಿನ ಕಿರಿಯ ಸಂಶೋಧಕಿ ಮಿನಾಜಳ ಪ್ರಯೋಗ ಗೆದ್ದಿತು. ನನಗೆ ಊಟ ಸೇರಲಿಲ್ಲ.

ಕ್ಯಾಮೆರಾದಲ್ಲಿ ಒಂದೇ ಚುಕ್ಕೆಯಾಗಿ ಕಾಣುವ ಎರಡು ಬೆಳಕುಗಳ ಅಂತರವನ್ನು ಅವಳು ಅಳೆದಿದ್ದಾಳೆ. ಅದಕ್ಕಾಗಿ ನಾನು ವರ್ಷಗಟ್ಟಲೆ ಒಳ್ಳೆಯ ಲೆನ್ಸ್ ಹುಡುಕಿದೆ. ಅವಳು ಚಿತ್ರ ತೆಗೆಯುವುದನ್ನೇ ಬಿಟ್ಟಳು. ಬಂದ ಬೆಳಕನ್ನು ಅಲೆಯ ಆಕಾರಕ್ಕೆ ತಕ್ಕಂತೆ ಬೇರ್ಪಡಿಸಿ, ಯಾವ ಆಕಾರದಲ್ಲಿ ಎಷ್ಟು ಫೋಟಾನ್ ಇವೆಯೆಂದು ಎಣಿಸಿದಳು. ಈ ಕ್ವಾಂಟಮ್ ಅಳತೆಯ ಬಗ್ಗೆ ನಾನೂ ಓದಿದ್ದೆ. ನಂಬಿರಲಿಲ್ಲ.

ವಿಭಾಗದ ಮುಖ್ಯಸ್ಥ ಈರಯ್ಯ ಸರ್ ಎಲ್ಲರೆದುರು ನಕ್ಕರು: “ಶೈಲಾ ಮೇಡಂ, ನೀವು ಇಷ್ಟ ವರ್ಷ ಕನ್ನಡಕ ಒರಸಿದ್ರಿ. ಈಕಿ ನೋಡೇ ಬಿಟ್ಟಾಳ ನೋಡ್ರಿ!”

ಮಿನಾಜ ಟಿಕೋಟಾದ ಮನೆಯಿಂದ ತಂದ ಒಣದ್ರಾಕ್ಷಿಯನ್ನು ಮೊದಲು ನನ್ನ ಕೈಗೇ ಹಾಕಿದಳು. “ಅಕ್ಕಾ, ನಾಳೆ ಜರ್ನಲ್ಲಿಗೆ ಪ್ರಬಂಧ ಕಳಸ್ತೇನಿ. ತಪ್ಪಿದ್ರ ಇವತ್ತ ಬೈದುಬಿಡ್ರಿ.”

ಸಂಜೆಯವರೆಗೂ ತಪ್ಪು ಹುಡುಕಿದೆ. ಸಿಕ್ಕಿತು. ಉಪಕರಣದ ಕೇಂದ್ರ ಎರಡು ಬೆಳಕುಗಳ ನಟ್ಟನಡುವೆ ಇರಬೇಕು. ಅವಳು ಒಂದನ್ನೇ ಹಚ್ಚಿ ಹೊಂದಿಸಿ, ಎರಡನೆಯದನ್ನು ಹಚ್ಚಿದ ಮೇಲೆ ಕೇಂದ್ರವನ್ನು ನಡುವಿಗೆ ಸರಿಸುವುದನ್ನು ಮರೆತಿದ್ದಾಳೆ. ಸ್ಟೇಷನ್ ರಸ್ತೆಯಲ್ಲಿ ಬಸ್ಸಿಗೆ ನಿಂತಾಗ ಖುಷಿಯೋ ಖುಷಿ.

ಮನೆಗೆ ಬಂದು, ಅದನ್ನು ಸರಿಪಡಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿದೆ. ಅವಳ ಅಳತೆ ಇನ್ನೂ ನಿಖರವಾಗುತ್ತದೆ.

ಈಗಷ್ಟೇ ಫೋನ್ ಮಾಡಿದ್ದಳು. “ಏನರ ಸಿಕ್ತೇನ್ರಿ ಅಕ್ಕಾ?”

“ಇನ್ನೂ ನೋಡಾಕತ್ತೇನಿ” ಎಂದೆ.

ಹೇಳಿದರೆ ಅವಳು ಮತ್ತಷ್ಟು ಮುಂದೆ ಹೋಗುತ್ತಾಳೆ. ಹೇಳದಿದ್ದರೂ ನನಗಿಂತ ಮುಂದೆಯೇ ಇದ್ದಾಳೆ. ಮುಂಜಾನೆ ಹೇಳಬೇಕು. ಅವಳು ಪ್ರಬಂಧ ಕಳಿಸುವ ಮೊದಲೇ ಹೇಳಬೇಕು, ಇಲ್ಲವೇ ಏನೂ ಸಿಗಲಿಲ್ಲ ಎಂದುಬಿಡಬೇಕು.