ನಡುವೆ ಓಡಾಡುವ ಕಣ

ನವೆಂಬರ್ 3, ಬೆಳಿಗ್ಗೆ 10.20

ಕುಕ್ಕರ್ ಎರಡು ಸಲ ಕೂಗಿತೋ ಮೂರೋ, ಗಮನ ತಪ್ಪಿತು. ಅನ್ನ ಮುದ್ದೆ. ಇವರು ಅದನ್ನೇ ಡಬ್ಬಿಗೆ ಹಾಕಿಸಿಕೊಂಡು ಆಫೀಸಿಗೆ ಹೋದರು. ಹೋಗುವಾಗ ಮಗಳು ಎದುರಿಗೇ ಕೂತಿದ್ದರೂ ಹೇಳಿದ್ದು ನನಗೆ.

"ಹೊರಗೆ ಹೊಗೆ ಜಾಸ್ತಿ ಇದೆ. ಮಾಸ್ಕ್ ಹಾಕ್ಕೊಂಡು ಹೋಗಕ್ಕೆ ಹೇಳು ಅವಳಿಗೆ."

ಕೃತಿ ಚಪಾತಿ ಅಗಿಯುತ್ತ ತನ್ನ ಅರ್ಧ ಹಿಂದಿಯಲ್ಲಿ ನನಗೇ — "ಬೋಲ್ ದೋ ಅಮ್ಮಾ, ಬ್ಯಾಗಲ್ಲಿದೆ ಅಂತ."

ಇಬ್ಬರ ನಡುವೆ ನಾಲ್ಕು ಅಡಿ. ಆ ನಾಲ್ಕು ಅಡಿಯಲ್ಲಿ ನಾನು, ಕೈಯಲ್ಲಿ ಚಟ್ನಿ.

ಅಪ್ಪ ಮಗಳು ಮಾತು ಬಿಟ್ಟು ಇಂದಿಗೆ ಮೂವತ್ತೆಂಟು ದಿನ. ಸರ್ಕಾರಿ ನೌಕರಿಯ ಪರೀಕ್ಷೆಗೆಂದು ಇವರೇ ಅವಳನ್ನು ಸೆಂಟರಿನ ಗೇಟಿನವರೆಗೆ ಬಿಟ್ಟುಬಂದರು. ಅವಳು ಒಳಗೇ ಹೋಗಲಿಲ್ಲ. ಮೆಟ್ರೋ ಹತ್ತಿ ಯೂನಿವರ್ಸಿಟಿಯಲ್ಲಿ ಯಾವುದೋ ಭಾಷಣ ಕೇಳಲು ಹೋದಳು. ಕಣಗಳ ಭಾಷಣ. ಕಣ್ಣಿಗೇ ಕಾಣದ್ದಕ್ಕೆ ಇಷ್ಟು ದೊಡ್ಡ ಜಗಳ.

ಈಗ ಕೋಲ್ಕತ್ತಾದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. 21ಕ್ಕೆ ರೈಲು. ಮಾತಾಡದೆಯೇ ಹತ್ತಿಬಿಟ್ಟರೆ? ಮಾತು ಬಿಟ್ಟವರ ನಡುವೆ ಅಷ್ಟು ದೂರವೂ ಸೇರಿಕೊಂಡರೆ? ಹದಿನೆಂಟು ದಿನ ಉಳಿದಿದೆ...

ನವೆಂಬರ್ 5

ಮೆಂತ್ಯ ಸೊಪ್ಪು ಬಿಡಿಸುತ್ತ ಕೃತಿಯನ್ನು ಕೇಳಿದೆ, ನೀನು ಓದೋದಾದರೂ ಏನು ಅಂತ. ನನಗೆ ತಿಳಿಯುವಂತೆ ಹೇಳುವುದು ಸುಲಭವಲ್ಲ. ನಮ್ಮಪ್ಪನ ವರ್ಗಾವಣೆಯಲ್ಲಿ ನಾನು ಏಳನೇ ಕ್ಲಾಸು ಮೂರು ಊರಲ್ಲಿ ಓದಿದವಳು, ಎಂಟನೇದು ಯಾವ ಊರಲ್ಲೂ ಮುಗಿಸಲಿಲ್ಲ. ಆದರೂ ಹೇಳಿದಳು. ಜಗತ್ತಿನಲ್ಲಿ ಬಲಗಳು ನಾಲ್ಕೇ ಅಂತೆ. ಕೆಳಗೆ ಎಳೆಯುವುದು ಎಲ್ಲಕ್ಕಿಂತ ದುರ್ಬಲ.

"ಇಡೀ ಭೂಮಿ ಎಳೀತಾ ಇದ್ರೂ ಫ್ರಿಜ್ ಮೇಲಿನ ಮ್ಯಾಗ್ನೆಟ್ ಬೀಳಲ್ಲ, ನೋಡು. ಆದ್ರೆ ಭೂಮಿಯ ಆ ಎಳೆತ ಎಷ್ಟು ದೂರ ಹೋದ್ರೂ ಬಿಡಲ್ಲ. ಅದನ್ನ ಆಫ್ ಮಾಡೋಕಾಗಲ್ಲ."

"ನನ್ನ ಚಿಂತೆ ಇದ್ದ ಹಾಗೆ," ಅಂದೆ.

ಬಿದ್ದು ಬಿದ್ದು ನಕ್ಕಳು. "ಅರೇ ವಾಹ್! ಅಮ್ಮಾ, ಯು ಆರ್ ಗ್ರ್ಯಾವಿಟಿ!"

ದಿನವಿಡೀ ಖುಷಿಯಾಗಿತ್ತು. ಆಮೇಲೆ ಯೋಚನೆ — ದುರ್ಬಲ ಅಂದಳಲ್ಲ?

ನವೆಂಬರ್ 8, ಮಧ್ಯಾಹ್ನ

ಇವತ್ತು ಕೃತಿ ಇನ್ನೊಂದು ಹೇಳಿದಳು. ಎರಡು ಕಣಗಳು ಒಂದನ್ನೊಂದು ಮುಟ್ಟುವುದೇ ಇಲ್ಲವಂತೆ. ನಡುವೆ ಇನ್ನೊಂದು ಓಡಾಡುತ್ತದಂತೆ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಆ ಓಡಾಟದಿಂದಲೇ ಬಲ ಹುಟ್ಟುವುದು.

"ಅದನ್ನ ಯಾರಾದ್ರೂ ನೋಡಿದಾರಾ?"

"ಇಲ್ಲಮ್ಮ. ವರ್ಚುವಲ್ ಅದು. ಸಮ್ಝೋ, ನಿಜವಾಗಿ ಇಲ್ಲದೇ ಇರೋದು. ಕೆಲಸ ಮಾತ್ರ ರಿಯಲ್."

ಕೈಲಿದ್ದ ಲೋಟ ಸಿಂಕಿಗೆ ಬಿತ್ತು. ಇವಳಿಗೆ ಗೊತ್ತಾಗಿದೆಯೇ?

ಇಲ್ಲಿ ಬರೆದುಬಿಡುತ್ತೇನೆ. ಇಲ್ಲೇ ಉತ್ತರದಲ್ಲಿ ಹುಟ್ಟಿ ಬೆಳೆದ ಕೃತಿಗೆ ಕನ್ನಡ ಓದಲು ಬರುವುದಿಲ್ಲ. ಇವರು ಇದನ್ನು ಅಡುಗೆ ಪುಸ್ತಕ ಅಂದುಕೊಂಡಿದ್ದಾರೆ. ಒಂದು ತಿಂಗಳಿಂದ ಇವರಿಗೆ ದಿನಾ ಹೇಳುತ್ತಿದ್ದೇನೆ — "ಅಪ್ಪ ಬಿ.ಪಿ. ಮಾತ್ರೆ ತಗೊಂಡ್ರಾ ಅಂತ ಕೃತಿ ಕೇಳಿದ್ಲು." ಅವಳು ಕೇಳಿಲ್ಲ. ಅವಳಿಗೆ ಹೇಳುತ್ತೇನೆ — "ಆ ಕ್ವಾರ್ಕ್ ಅನ್ನೋ ಕಣ ಅಂದ್ರೇನು ಅಂತ ಅಪ್ಪ ವಿಚಾರಿಸ್ತಿದ್ರು." ಇವರೂ ಕೇಳಿಲ್ಲ. ಇಬ್ಬರೂ ಅಂದ ಖಾರದ ಮಾತು ನನ್ನ ಹತ್ತಿರವೇ ಉಳಿಯುತ್ತದೆ.

ನಾನು ತಲುಪಿಸುವುದೂ ಇಲ್ಲದ್ದೇ. ಕೆಲಸ ಮಾತ್ರ...

ನವೆಂಬರ್ 12

ಆಗುತ್ತಿದೆ! ಇವರು ಈಗ ಮಾತ್ರೆ ತಪ್ಪಿಸುವುದಿಲ್ಲ. ತೆಗೆದುಕೊಂಡ ಮೇಲೆ ಮಾತ್ರೆಯ ಸ್ಟ್ರಿಪ್ಪನ್ನು ಅವಳ ತಟ್ಟೆಯ ಪಕ್ಕ ಇಡುತ್ತಾರೆ, ಅವಳಿಗೆ ಕಾಣಲಿ ಅಂತ.

"ಯಾರಮ್ಮ ದಿನಾ ನನ್ನ ಪ್ಲೇಟ್ ಹತ್ರ ಮಾತ್ರೆ ಇಡೋದು?"

"ಮರೆತಿರಬೇಕು."

ಅವಳು ಕ್ವಾರ್ಕ್ ಬಗ್ಗೆ ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು, ಅಪ್ಪನಿಗೆ ಕೊಡು ಅಂತ. ಇವರು ಕಣ್ಣಾಡಿಸಿ "ಇದನ್ಯಾಕೆ ನನಗೆ ಕೊಡ್ತಾಳೆ?" ಅಂದರು. ಆದರೆ ಮಡಚಿ ಶರ್ಟಿನ ಜೇಬಿಗೆ ಇಟ್ಟುಕೊಂಡರು. ಆಫೀಸಿಗೂ ಹೋಯಿತು ಆ ಚೀಟಿ.

ಅದರಲ್ಲಿ ಇರುವುದು ಇಷ್ಟೇ ಅಂತೆ. ಕ್ವಾರ್ಕುಗಳು ಹತ್ತಿರ ಇದ್ದಾಗ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ದೂರ ಎಳೆದರೆ ಮಾತ್ರ ಬಿಡದೆ ಹಿಡಿದುಕೊಳ್ಳುತ್ತವೆ. ಇವರೂ ಹಾಗೆಯೇ. ಕೋಲ್ಕತ್ತಾ ಅಂದ ದಿನದಿಂದ ಹವಾಮಾನದ ಸುದ್ದಿಯಲ್ಲಿ ಪೂರ್ವದ ಕಡೆಯದನ್ನೇ ನೋಡುತ್ತಾರೆ.

ಇನ್ನೊಂದು ಬಲ ಇದೆ, ವೀಕ್ ಅಂತ ಹೆಸರು. ತೀರಾ ಹತ್ತಿರ ಇದ್ದರೆ ಮಾತ್ರ ನಡೆಯುತ್ತದಂತೆ, ಒಂದು ಜಾತಿಯ ಕಣವನ್ನು ಇನ್ನೊಂದಾಗಿ ಮಾಡಿಬಿಡುತ್ತದಂತೆ. ಸಿಟ್ಟನ್ನೂ ಬೇರೇನೋ ಆಗಿ ಮಾಡಿದರೆ? ಮಾಡಲಿ. ಬೇಗ ಮಾಡಲಿ. ಒಂಬತ್ತೇ ದಿನ.

ಆದರೆ ನೇರವಾಗಿ ಮಾತಾಡಿಕೊಂಡರೆ ನನ್ನ ಸುಳ್ಳೆಲ್ಲ ಹೊರಬೀಳುತ್ತದೆ. ಮಾತಾಡದಿದ್ದರೆ ಮನೆ ಮುರಿಯುತ್ತದೆ. ದೇವರೇ, ಯಾವುದನ್ನು ಬೇಡಿಕೊಳ್ಳಲಿ?

ನವೆಂಬರ್ 17

ನಾಲ್ಕು ದಿನ ಜ್ವರ. ಹೊಗೆಗೆ ಗಂಟಲು ಹೋಯಿತು. ಡಾಕ್ಟರಮ್ಮ ಹೇಳಿದರು — ಐದು ದಿನ ಒಂದು ಮಾತೂ ಕೂಡದು, ಪಿಸುಮಾತೂ ಕೂಡದು.

ಮನೆ ನಿಂತುಹೋಗಿದೆ. ಬೆಳಿಗ್ಗೆ ಇವರು "ಗೀಸರ್ ಆಫ್ ಮಾಡಕ್ಕೆ ಹೇಳು" ಅಂದರು. ನಾನು ಗಂಟಲು ತೋರಿಸಿದೆ. ಅವಳೂ ನನ್ನನ್ನೇ ನೋಡಿದಳು. ಗೀಸರ್ ಮಧ್ಯಾಹ್ನದವರೆಗೆ ಉರಿಯಿತು.

ನವೆಂಬರ್ 19, ಸಂಜೆ 6.40

ಮಲಗುವ ಕೋಣೆಯಲ್ಲಿ ಕೂತಿದ್ದೇನೆ, ಬಾಗಿಲು ಅರ್ಧ ತೆರೆದಿದೆ.

ಕೃತಿ ಸೂಟ್‌ಕೇಸ್ ತುಂಬುತ್ತಿದ್ದಳು. ಸುಮ್ಮನಿರಲಾರದೆ ಚೀಟಿ ಬರೆದು ಕೊಟ್ಟೆ. ಅಭ್ಯಾಸ ನೋಡು. ಕೊಟ್ಟಮೇಲೆ ಹೊಳೆಯಿತು — ಬರೆದದ್ದು ಕನ್ನಡದಲ್ಲಿ. ನನಗೆ ಬೇರೆ ಬರೆಯಲು ಎಲ್ಲಿ ಬರುತ್ತದೆ? ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಕಿತ್ತುಕೊಳ್ಳಲು ಹೋದೆ. ಔಷಧಿ ಗಿಷಧಿ ಇರಬೇಕು ಅಂದುಕೊಂಡಳೋ ಏನೋ, ನೇರ ಹಾಲಿಗೆ ಹೋದಳು.

ಐವತ್ತನಾಲ್ಕು ದಿನದ ಮೇಲೆ — "ಅಪ್ಪಾ. ಇದು ಕ್ಯಾ ಲಿಖಾ ಹೈ? ಅಮ್ಮ ಕೊಟ್ಲು."

ಇವರು ಕನ್ನಡಕ ಹಾಕಿಕೊಂಡ ಸದ್ದು. ಗಟ್ಟಿಯಾಗಿ ಓದಿದರು. "ಟ್ರೈನ್ ಎಷ್ಟು ಗಂಟೆಗೆ ಅಂತ ಅಪ್ಪ ಕೇಳ್ತಿದ್ದಾರೆ. ಸ್ಟೇಷನ್ನಿಗೆ ತಾವೇ ಬರ್ತಾರಂತೆ."

ಪಕ್ಕದ ಮನೆಯ ಮಿಕ್ಸಿ ಕೇಳುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಹೇಳುತ್ತಾರೆ — ನಾನೆಲ್ಲಿ ಕೇಳಿದೆ...

ಇವರು ಕೆಮ್ಮಿದರು. "ಹ್ಞೂಂ. ಕೇಳಿದ್ದೆ. ಎಷ್ಟು ಗಂಟೆಗೆ?"

"ನಾಲ್ಕೂ ಮುಕ್ಕಾಲು."

"ಎರಡಕ್ಕೇ ಹೊರಡಬೇಕು ಹಾಗಾದ್ರೆ. ರಿಂಗ್ ರೋಡ್ ಜಾಮ್ ಇರತ್ತೆ."

"ಎರಡು ಟೂ ಅರ್ಲಿ ಅಪ್ಪಾ!"

"ನಿನಗೇನು ಗೊತ್ತು. ಎರಡು ಅಂದ್ರೆ ಎರಡು."

ಜಗಳ! ನೇರವಾಗಿ, ನಾನಿಲ್ಲದೆ! ದಿಂಬಿಗೆ ಮುಖ ಒತ್ತಿ ಅತ್ತೆ. ಗಂಟಲಿಗೆ ಒಳ್ಳೆಯದಲ್ಲ, ಆದರೂ.

ಈಗ ಇವರು ಕ್ವಾರ್ಕ್ ಚೀಟಿ ತೆಗೆದರು. ಮೂರನೇ ಸಾಲು ಅರ್ಥವಾಗಲಿಲ್ಲ ಅನ್ನುತ್ತಿದ್ದಾರೆ. ಅವಳು ಹೇಳುತ್ತಿದ್ದಾಳೆ, "ನೀವೇ ಕೇಳಿ ಕಳಿಸಿದ್ರಲ್ಲ, ಅದಕ್ಕೇ ಈಸಿಯಾಗಿ ಬರೆದೆ." ಇವರು — "ನಾನು ಕೇಳಿ ಕಳಿಸಿದ್ನಾ? ನೀನಲ್ವಾ ದಿನಾ ನನ್ನ ಮಾತ್ರೆ..."

ಗೊತ್ತಾಗಿಹೋಯಿತು ಇಬ್ಬರಿಗೂ.

ಇಬ್ಬರೂ ನಗುತ್ತಿದ್ದಾರೆ. "ವೈಜೂ!" "ಅಮ್ಮಾ!" ಒಟ್ಟಿಗೇ. ಉತ್ತರ ಕೊಡುವ ಹಾಗಿಲ್ಲ, ಡಾಕ್ಟರಮ್ಮ ಹೇಳಿದ್ದಾರೆ. ಹೆಜ್ಜೆ ಸದ್ದು ಈ ಕಡೆಗೇ, ಇಬ್ಬರದೂ, ಬಾಗಿಲು