ಇಪ್ಪತ್ತೆರಡು ಗ್ರಾಂ ಉಪ್ಪು

ಸಾಗರ ಸಂಶೋಧನಾ ಕೇಂದ್ರ
ಶಿಕ್ಷಕರ ವಸತಿ, ಕೋಣೆ 6
ನವೆಂಬರ್ 22, ಶುಕ್ರವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಚೆನ್ನಾಗಿದ್ದೀಯಾ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ಚೆನ್ನಾಗಿದ್ದೀಯಾ? ಕೈ ಹೇಗಿದೆ? ಚಳಿಗೆ ಇನ್ನೂ ನೋಯುತ್ತದೆಯೇ?

ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಇದ್ದದ್ದೇ ಎರಡು ಸಾಲು: "ಅಮ್ಮಾ, ಅವನು ನನ್ನ ಕೈ ಹೇಗೆ ಮುರಿದ ಅಂತ ನೀನು ಕಣ್ಣಾರೆ ನೋಡಿದ್ದೀಯ. ಕೋರ್ಟಿಗೆ ಬರೆದುಕೊಡ್ತೀಯಾ?" ನಾನು ಉತ್ತರ ಬರೆಯಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಇತ್ತು, ಪೇಪರು ತಿದ್ದುವುದಿತ್ತು, ನಿನ್ನ ಅಪ್ಪನ ಕಣ್ಣಿನ ಆಪರೇಷನ್ ಇತ್ತು. ನೆಪಗಳಿಗೇನು ಬರವೇ? ಪತ್ರವನ್ನು ಪಾಠ ಟಿಪ್ಪಣಿಯ ಪುಸ್ತಕದಲ್ಲಿಟ್ಟುಕೊಂಡು ಮನೆಗೂ ಶಾಲೆಗೂ ಹೊತ್ತು ತಿರುಗಿದೆ. ಈಗ ಇಲ್ಲಿಗೂ ತಂದಿದ್ದೇನೆ. ತಪ್ಪಾಯಿತು ಮಗಳೇ.

ಇಲ್ಲಿಗೆ ಅಂದರೆ ತರಬೇತಿಗೆ. ಶಾಲಾ ವಿಜ್ಞಾನ ಶಿಕ್ಷಕರಿಗೆ ಐದು ದಿನ ಸಾಗರ ವಿಜ್ಞಾನ ಕಲಿಸುತ್ತಾರಂತೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿರುವವಳಿಗೆ ಎಂಥ ತರಬೇತಿ ಎಂದು ಹೆಡ್‌ಮಾಸ್ಟರನ್ನು ಕೇಳಿದೆ. "ಒಂದು ಹೆಸರು ಕಳಿಸ್ಬೇಕಿತ್ತು ಮೇಡಂ, ನಿಮ್ಮದು ಕಳಿಸಿದೆ. ಸಮುದ್ರದ ಗಾಳಿ ಕುಡ್ಕೊಂಡು ಬನ್ನಿ," ಎಂದರು. ಗಾಳಿ ಕುಡಿಯಲು ಪುರುಸೊತ್ತೆಲ್ಲಿ! ದಿನಕ್ಕೆ ಮೂರು ಸಲ ಹಾಜರಿ ಸಹಿ, ಪ್ರತಿ ತರಗತಿಗೂ ಒಂದೊಂದು ಅಭಿಪ್ರಾಯ ಪತ್ರ. ಚಹಾ ಎಷ್ಟು ನೀರು ಅಂದರೆ ಅದನ್ನೂ ಅಳೆಯಲು ಕೊಟ್ಟಿದ್ದಾರೇನೋ ಅನ್ನಿಸುತ್ತದೆ. ಒಂದರ ಮೇಲೊಂದು ಕಬ್ಬಿಣದ ಮಂಚಗಳು. ನನ್ನ ಪಾಲಿಗೆ ಬಂದದ್ದು ಮೇಲಿನದು. ಕೆಳಗಿನ ಮಂಚದ ಗಣಿತದ ಟೀಚರ್ ಪುಣ್ಯಾತ್ಗಿತ್ತಿ, ನನ್ನ ಮಂಡಿಯ ಅವಸ್ಥೆ ನೋಡಿ ತಾನೇ ಮೇಲೆ ಹತ್ತಿದಳು. ಬಹಳ ದಣಿದಿದ್ದೇನೆ ಕಣೇ. ಈ ದಣಿವು ಬಂದದ್ದು ಇಲ್ಲಿಗೆ ಬಂದ ಮೇಲಲ್ಲ, ಅದು ನಿನಗೂ ಗೊತ್ತು.

ನಮಗೆ ಕಲಿಸುವ ವಿಜ್ಞಾನಿ ನಿನ್ನ ವಾರಿಗೆಯವಳು. ಗಿಡ್ಡ ಕೂದಲು, ಜೋರು ಮಾತು, ಬಿಂಕ ಮಾತ್ರ ಚೂರೂ ಇಲ್ಲ. ಬುಧವಾರ ಬೆಳಿಗ್ಗೆ ನಮ್ಮನ್ನು ಆರು ಗುಂಪು ಮಾಡಿ ಕೇಂದ್ರದ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದಳು. ಹಗ್ಗ ಕಟ್ಟಿದ ಬಕೆಟ್ ಇಳಿಸಿ ಸಮುದ್ರದ ನೀರು ಎತ್ತಬೇಕು, ಅದರ ಉಪ್ಪು ಅಳೆಯಬೇಕು. ಅದಕ್ಕೊಂದು ಪುಟ್ಟ ದುರ್ಬೀನಿನಂಥ ಸಾಧನ ಕೊಟ್ಟಿದ್ದರು. ತುದಿಯ ಗಾಜಿನ ಮೇಲೆ ಒಂದು ಹನಿ ನೀರು ಹಾಕಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ಅಳತೆಪಟ್ಟಿ ಕಾಣುತ್ತದೆ. ನೀಲಿಯೂ ಬಿಳಿಯೂ ಸೇರುವ ಗೆರೆ ಎಲ್ಲಿದೆಯೋ ಅಲ್ಲಿಯ ಅಂಕಿಯೇ ಒಂದು ಕಿಲೋ ನೀರಿನಲ್ಲಿರುವ ಉಪ್ಪಿನ ಗ್ರಾಂ ಲೆಕ್ಕ. ಐದು ಸಲ ಅಳೆದು ಕೋಷ್ಟಕದಲ್ಲಿ ಬರೆಯಿರಿ ಅಂದಳು.

ಮೊದಲ ಸಲ ಇಪ್ಪತ್ತೊಂದು ಕಂಡಿತು. ಗಾಜು ತೊಳೆದು ಒರೆಸಿ ಮತ್ತೆ ನೋಡಿದೆ, ಇಪ್ಪತ್ತೆರಡು. ಇನ್ನೊಮ್ಮೆ ನೋಡಿದೆ, ಮತ್ತೆ ಇಪ್ಪತ್ತೆರಡೇ. "ಇದು ಕೆಟ್ಟಿದೆ," ಎಂದೆ. ಸಮುದ್ರದ ನೀರಿನಲ್ಲಿ ಮೂವತ್ತೈದು ಗ್ರಾಂ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಉಕ್ತಲೇಖನ ಬರೆಸಿದವಳು ನಾನು. ಗಣಿತದ ಟೀಚರ್ ಮೆಲ್ಲಗೆ, "ಆದ್ರೆ ಮೇಡಂ, ಮತ್ತೆ ಮತ್ತೆ ಅದೇ ಬರ್ತಿದೆಯಲ್ಲಾ?" ಎಂದಳು. "ನಿನಗ್ಯಾಕೆ, ನಾನು ಹೇಳ್ತೀನಿ ಬರ್ಕೋ," ಎಂದು ಹೇಳುತ್ತಾ ಹೋದೆ: ಮೂವತ್ತೈದು, ಮೂವತ್ತನಾಲ್ಕೂವರೆ, ಮೂವತ್ತೈದೂವರೆ, ಮೂವತ್ತನಾಲ್ಕು, ಮೂವತ್ತಾರು. ಐದೂ ಒಂದೇ ಬರೆದರೆ ನೋಡಿದವರಿಗೆ ಅನುಮಾನ ಬರುತ್ತದಲ್ಲ, ಅದಕ್ಕೇ ಅಷ್ಟಿಷ್ಟು ಏರಿಳಿತ. ಸರಾಸರಿ ಸರಿಯಾಗಿ ಮೂವತ್ತೈದು. ಪ್ರಾಯೋಗಿಕ ಪರೀಕ್ಷೆ ನಡೆಸಿದ ಯಾವ ಟೀಚರಿಗೂ ಈ ಕೈಚಳಕ ಹೊಸದಲ್ಲ.

ಆರೂ ಗುಂಪಿನ ಲೆಕ್ಕ ಬೋರ್ಡಿನ ಮೇಲೆ ಬಿತ್ತು. ಆರೂ ಮೂವತ್ತೈದು! ಆ ವಿಜ್ಞಾನಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಕಟ್ಟೆ ಪಕ್ಕದಲ್ಲೇ ನದಿ ಬಂದು ಸೇರುತ್ತೆ. ಸಿಹಿನೀರು ಬೆರೆತಿರೋ ಜಾಗ ಇದು. ನಾನು ಬೆಳಿಗ್ಗೆ ಅಳೆದಾಗ ಇಪ್ಪತ್ತೆರಡಿತ್ತು. ನಿಮ್ಮಲ್ಲಿ ಒಬ್ಬರಿಗೂ ಕಾಣ್ಲಿಲ್ವಾ?"

ಮೂವತ್ತು ಜನ ಮೇಷ್ಟ್ರುಗಳು ನಮ್ಮ ನಮ್ಮ ಪೆನ್ನು ನೋಡುತ್ತಾ ಕುಳಿತೆವು. ಎಲ್ಲರಿಗಿಂತ ಹಿರಿಯಳು ನಾನೇ ಆದ್ದರಿಂದ ಅವಳು ನನ್ನತ್ತ ತಿರುಗಿದಳು. "ಕಂಡಿತ್ತು," ಎಂದೆ, "ಆದ್ರೆ ತಪ್ಪಿರ್ಬೇಕು ಅನ್ಕೊಂಡೆ."

"ಯಾವುದು ತಪ್ಪಿತ್ತು ಮೇಡಂ, ನೀರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಮರುದಿನ ಮತ್ತೆ ಅಳೆಯಲು ಕೊಟ್ಟಳು. ಈ ಸಲ ಕಂಡದ್ದನ್ನು ಕಂಡ ಹಾಗೆ ಬರೆದೆ. ನೀನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಮಾಡುವ ಕೆಲಸವೇ ಇದು. ನಿನಗೆ ನಗು ಬರಬಹುದು.

ನಿನ್ನೆ ಸಂಜೆ ನಿನ್ನ ಅಪ್ಪನಿಗೆ ಫೋನ್ ಮಾಡಿ, ಮಗಳು ಕೇಳಿದ್ದನ್ನು ಬರೆದುಕೊಡುತ್ತೇನೆ ಎಂದೆ. "ನಾಳೆ ನಾಲ್ಕು ಜನರ ಮುಂದೆ ತಲೆಯೆತ್ತಿ ತಿರುಗೋದು ಹೇಗೆ, ಸ್ವಲ್ಪ ಯೋಚ್ನೆ ಮಾಡು," ಎಂದರು. "ಯೋಚಿಸಿ ಯೋಚಿಸಿ ಸಾಕಾಗಿದೆ ರೀ," ಎಂದೆ. ಅವರು ಸಿಟ್ಟು ಮಾಡಲಿಲ್ಲ. ಅವರಿಗೂ ಸಾಕಾಗಿದೆ ಎಂದು ಕಾಣುತ್ತದೆ.

ಈ ಪತ್ರದ ಜೊತೆ ಒಂದು ಹಾಳೆ ಇದೆ. ನಾನು ನಿಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಗಂಡ ನಿನ್ನ ಬಲಗೈಯನ್ನು ಹಿಂದಕ್ಕೆ ತಿರುಚಿ ಮೇಜಿನ ಅಂಚಿಗೆ ಬಡಿದ, ಎರಡು ಸಲ. ಇಷ್ಟನ್ನೂ ಬರೆದು ಸಹಿ ಹಾಕಿದ್ದೇನೆ. ನಿನ್ನ ವಕೀಲರಿಗೆ ತೋರಿಸು. ಕೋರ್ಟಿನಲ್ಲಿ ನಿಂತು ಹೇಳು ಅಂದರೆ ಬಂದು ಹೇಳುತ್ತೇನೆ. ಬೇಕಾದಷ್ಟು ರಜೆ ಉಳಿಸಿಕೊಂಡಿದ್ದೇನೆ, ಇನ್ಯಾವುದಕ್ಕೆ ಬೇಕು?

ಇಲ್ಲಿಂದ ನಿನ್ನ ಊರಿಗೆ ಬಸ್ಸಿನಲ್ಲಿ ಮೂರೇ ಗಂಟೆ. ನೀನು ಕರೆಯದೆ ಮಾತ್ರ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಆ ಕೈಯಲ್ಲಿ ಭಾರ ಎತ್ತಬೇಡ. ನಿನ್ನ ಮನೆಯಲ್ಲಿ ನೀನು ಹೆದರಿಕೆಯಿಲ್ಲದೆ ಕಣ್ತುಂಬ ನಿದ್ದೆ ಮಾಡುವಂತಾಗಲಿ. ನನ್ನ ಆಶೀರ್ವಾದಕ್ಕೆ ಇನ್ನೂ ಏನಾದರೂ ಬಲವಿದ್ದರೆ ಅದೆಲ್ಲ ನಿನಗೇ ಇರಲಿ.

ನಿನ್ನ
ಅಮ್ಮ

ತಾ.ಕ. ಆ ಹಾಳೆಯ ಕೊನೆಯಲ್ಲಿ ಇನ್ನೊಂದು ವಿಷಯ ಬರೆದಿದ್ದೇನೆ. ವಕೀಲರು ಓದುವ ಮೊದಲು ನೀನು ನನ್ನಿಂದಲೇ ತಿಳಿದುಕೋ. ಆಸ್ಪತ್ರೆಯ ಕಾಗದದಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದದ್ದು" ಎಂದು ಇದೆಯಲ್ಲ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ ಎಂದು ನಿನ್ನನ್ನು ನಂಬಿಸಿದ್ದೆ. ಅದು ಸುಳ್ಳು. ಟ್ಯಾಕ್ಸಿಯಲ್ಲಿ ನೀನು ನನ್ನ ಹೆಗಲಿಗೊರಗಿ ನರಳುತ್ತಿದ್ದೆ, ನಾನು ಹೇಳಬೇಕಾದದ್ದನ್ನು ಜೋಡಿಸಿಕೊಳ್ಳುತ್ತಿದ್ದೆ. ಎಷ್ಟು ಗಂಟೆಗೆ ಬಿದ್ದೆ, ಯಾವ ಕಾಲು ಜಾರಿತು, ನೆಲದ ಮೇಲೆ ಸೋಪಿನ ನೀರಿತ್ತು, ಎಲ್ಲ. ಡಾಕ್ಟರು ಕೇಳಿದ್ದು ನಿನ್ನನ್ನು. ನೀನು ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿ ಮುಗಿಸಿದ್ದೆ. ಅವರು ಬರೆದುಕೊಂಡು, "ಹೌದೇನಮ್ಮಾ?" ಎಂದು ನಿನ್ನನ್ನು ನೋಡಿದರು. ನೀನು ಒಂದು ಗಳಿಗೆ ನನ್ನ ಮುಖ ನೋಡಿ, "ಹೌದು" ಅಂದೆ.