ಹಲಗೆಯ ನಡುವಿನ ತಂಬಾಕು

ತಾಂಬಾ
೧೧ ಎಪ್ರಿಲ್ ೧೯೭೪

ಗೆಳೆಯ ಶ್ರೀಶೈಲಪ್ಪನಿಗೆ ಗೈಬುಸಾಬನ ಸಲಾಮು.

ಬಾಗೇವಾಡಿಯಿಂದ ನೀನು ಬರೆದ ಎರಡೂ ಪತ್ರ ತಲುಪಿವೆ. ಉತ್ತರ ಬರೆಯಲು ಕೂತವನು ಮೂರು ಸಲ ಎದ್ದುಹೋದೆ. ಸಿಟ್ಟಾಗಬೇಡ. ನಿನ್ನ ಮೊಣಕಾಲು ನೋವು ಹೇಗಿದೆ? ನಿನ್ನ ಮನೆಯಾಕೆ, ನನಗೆ ತಂಗಿಯಂಥ ಯಲ್ಲವ್ವ ಆರಾಮ ಇದ್ದಾಳೆಂದು ತಿಳಿದಿದ್ದೇನೆ.

"ಈ ವರ್ಷದ ತಂಬಾಕು ಹೆಂಗ ಆತೋ?" ಎಂದು ಕೇಳಿದ್ದೀಯ. ಚಲೋ ಆಗಿದೆ. ಮಿಲಿಟರಿ ಪಲ್ಟಣದಲ್ಲಿ ಲಾರಿ ಓಡಿಸುವಾಗ ಇಬ್ಬರೂ ಒಂದೇ ಪೈಪು ಸೇದಿ ಕೆಮ್ಮಿದ ದಿನದಿಂದ ಇಂಥದ್ದು ನಮಗೆ ಸಿಕ್ಕಿರಲಿಲ್ಲ. ಇಂಡಿ ಊರಿನ ಸಂತೆಯಲ್ಲಿ ನಿಪ್ಪಾಣಿ ಕಡೆಯ ಎಲೆ ತಂದೆ. ಮೊಳದುದ್ದ, ಎಲ್ಲಿಯೂ ತೂತಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ನಡುವಿನ ದಂಟು ಸೀಳಿ ತೆಗೆದೆ. ಮದುವೆಗೆ ಮೊದಲು ಈ ಕೆಲಸ ಸಗೀರಾಳದು. ಎಲೆ ಹರಿಯದಂತೆ ದಂಟು ಎಳೆಯುವುದು ನನ್ನ ಮಗಳಿಗೆ ಬಂದಷ್ಟು ನನಗೆ ಎಂದೂ ಬರಲಿಲ್ಲ. ಬೆಲ್ಲದ ನೀರು ಚಿಮುಕಿಸಿ, ಎಲೆಯ ಮೇಲೆ ಎಲೆ ಒಟ್ಟಿ, ಎರಡು ಜಾಲಿ ಹಲಗೆಗಳ ನಡುವೆ ಇಟ್ಟು ನಾಲ್ಕೂ ಬೋಲ್ಟು ಬಿಗಿದೆ. ಆಮೇಲಿನದು ನಿನಗೆ ಗೊತ್ತೇ ಇದೆ. ಮೊದಲ ಎಂಟು ದಿನ ಮುಂಜಾನೆ ಪಾನಾ ಹಿಡಿದು ಅರ್ಧ ಸುತ್ತು ಬಿಗಿಯಬೇಕು, ನೆಂದ ಬಟ್ಟೆ ಬದಲಿಸಬೇಕು. ತಪ್ಪಿದರೆ ಬೂಸು ಹಿಡಿಯುತ್ತದೆ. ಹೋದ ವರ್ಷದ್ದನ್ನು ತಿಪ್ಪೆಗೆ ಚೆಲ್ಲಿದೆನಲ್ಲ.

ಇನ್ನು ಬರೆಯಲೇಬೇಕಾದದ್ದು. ಸಗೀರಾ ಇಲ್ಲ, ಶ್ರೀಶೈಲಪ್ಪ.

ಚೊಚ್ಚಿಲ ಬಸುರಿ. ಜೋಳದ ಸುಗ್ಗಿ ಮುಗಿಯಲೆಂದು ಸಿಂದಗಿಯ ಬೀಗರು ಕಳಿಸದೆ ಇಟ್ಟುಕೊಂಡಿದ್ದರು. ಸುಗ್ಗಿ ಮುಗಿದಿತ್ತು. ಎಂಟು ದಿನ ಬಿಟ್ಟು ನಾನು ಹೋಗಿ ಕರೆತರುವವನಿದ್ದೆ. ಏಳನೆಯ ದಿನ ಅಳಿಯ ಶಮಶುದ್ದೀನನೇ ಬಂದು ಬಾಗಿಲಲ್ಲಿ ನಿಂತ. ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಮಾಮಾ, ನಡೀರಿ" ಎಂದ.

ಮೈ ಸೆಟೆದು ಪ್ರಜ್ಞೆ ತಪ್ಪಿತಂತೆ. ದವಾಖಾನೆಯಲ್ಲಿ ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. "ನಾಲ್ಕು ದಿನ ಮೊದಲ ತಂದಿದ್ರ ಉಳೀತಿದ್ಲು" ಎಂದರಂತೆ ಡಾಕ್ಟರು. ಬೀಗತಿ ಅಖ್ತರಬೇಗಂ ನನ್ನ ಮುಂದೆ ಸೆರಗೊಡ್ಡಿ, "ನಮ್ಮದ ತಪ್ಪರಿ. ಆಕಿ ಬಾಯಿ ಬಿಟ್ಟು ಒಂದ ಮಾತ ಹೇಳಲಿಲ್ಲ, ನಮಗ ತಿಳೀಲಿಲ್ಲ" ಎಂದು ಅತ್ತಳು.

ಕೂಸು ನಮ್ಮಲ್ಲಿದೆ. ಹೆಣ್ಣು. ನನ್ನ ಮನೆಯಾಕೆ ಬಿಬಿಜಾನ ಆಡಿನ ಹಾಲಿನಲ್ಲಿ ಅರಳೆ ಅದ್ದಿ ಕುಡಿಸುತ್ತಾಳೆ. ಅದು ಹೀರುವ ಸಪ್ಪಳ ಕೇಳಲಾರದೆ ಒಮ್ಮೊಮ್ಮೆ ಎದ್ದು ಅಂಗಳಕ್ಕೆ ಹೋಗುತ್ತೇನೆ.

ಮಗಳ ನಲವತ್ತನೆಯ ದಿನ ಕಳೆದ ಮೇಲೆ ಹಲಗೆ ಬಿಚ್ಚಿದೆ. ಅಷ್ಟು ದಿನ ಯಾರೂ ಮುಟ್ಟಿರಲಿಲ್ಲ. ಬೂಸು ಹಿಡಿದಿರಲಿ ಎಂದೇ ಬಯಸಿದ್ದೆ. ಹಿಡಿದಿರಲಿಲ್ಲ. ಕರ್ರಗೆ ಗಟ್ಟಿಯಾಗಿತ್ತು, ಹಲ್ವಾದ ಹಾಗೆ ಚೂರಿಗೆ ನುಣ್ಣಗೆ ಬಂತು. ಅಷ್ಟನ್ನೂ ನಿನಗೆ ಪಾರ್ಸೆಲ್ ಮಾಡಿದ್ದೇನೆ. ನನಗೆಂದು ಒಂದು ಚೂರೂ ಇಟ್ಟುಕೊಂಡಿಲ್ಲ.

ಈಗಲೇ ಬರಬೇಡ. ನಿನ್ನ ಮುಖ ಕಂಡರೆ ತಡೆದುಕೊಳ್ಳಲಾರೆ. ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ, ಯಾರ ಕಣ್ಣಲ್ಲೂ ನೀರು ಬರದಿರಲಿ.

ನಿನ್ನ
ಗೈಬುಸಾಬ

ತಾ.ಕ.: ಬಾಯಿಂದ ಹೇಳಲಾರದ್ದನ್ನು ಬರೆದೇಬಿಡುತ್ತೇನೆ. ಎಲೆ ಹಲಗೆಗೆ ಹಾಕಿದ ಮರುದಿನವೇ ಸಗೀರಾಳ ಕಾರ್ಡು ಬಂದಿತ್ತು. ಎಲ್ಲರ ಕ್ಷೇಮ ಕೇಳಿ, ಕೊನೆಗೆ ಎರಡು ಸಾಲು: "ಅಬ್ಬಾ, ಕಾಲು ಬಾತಾವು, ಕಣ್ಣು ಮಂಜ ಆಗ್ಯಾವು. ಲಗೂನ ಬಂದು ಕರ್ಕೊಂಡು ಹೋಗ್ರಿ." ಬಸುರಿಯರಿಗೆ ಇದೆಲ್ಲ ಇರುವುದೇ ಎಂದುಕೊಂಡೆ. ತಂಬಾಕು ಕೆಟ್ಟೀತೆಂದು ಎಂಟು ದಿನ ತಡೆದೆ. ಬಿಬಿಜಾನಳಿಗೆ ಓದು ಬರುವುದಿಲ್ಲ. "ಏನ ಬರದಾಳರಿ?" ಎಂದಾಗ ಆ ಎರಡು ಸಾಲು ಬಿಟ್ಟು ಓದಿ ಹೇಳಿದೆ. ತಿಳಿದಿದ್ದರೆ ಆಗಲೇ ನನ್ನನ್ನು ಬಸ್ಸು ಹತ್ತಿಸುತ್ತಿದ್ದಳು. ಈಗ ದಿನಾ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆ ಕಾರ್ಡು ತಂದು ನನ್ನ ಕೈಗಿಡುತ್ತಾಳೆ. "ಇನ್ನೊಂದ ಸಲ ಓದ್ರಿ. ಕೂಸು ತನ್ನ ಅಮ್ಮೀ ಮಾತು ಕೇಳಲಿ" ಎನ್ನುತ್ತಾಳೆ. ಓದುತ್ತೇನೆ, ಶ್ರೀಶೈಲಪ್ಪ. ಆ ಎರಡು ಸಾಲು ಬಿಟ್ಟು.